ಕುರಿ ಕಾಯುವ ನಾಯಿಗೆ ಸುಳ್ಳು ಗಬ್ಬ: ಹಂತ ಹಂತವಾಗಿ ಏನು ಮಾಡಬೇಕು

ಬೆದೆ ಮುಗಿದು ಎರಡು ತಿಂಗಳಾಗುತ್ತಾ ಬಂದಿದೆ. ನಾಯಿಯನ್ನು ಗಂಡಿಗೆ ಬಿಟ್ಟಿಲ್ಲ. ಆದರೂ ಮೊಲೆ ತುಂಬಿಕೊಂಡಿದೆ. ಕರೆದರೆ ಬರುವುದಿಲ್ಲ. ಬಣವೆ ಬುಡದಲ್ಲಿ ಗುಂಡಿ ತೋಡಿಕೊಂಡು ಮಲಗಿದೆ. ಮುಂಗಾಲುಗಳ ನಡುವೆ ಯಾರದೋ ಹಳೇ ಚಪ್ಪಲಿ ಇಟ್ಟುಕೊಂಡು ನೆಕ್ಕುತ್ತಿದೆ. ಹತ್ತಿರ ಹೋದರೆ ಗುರ್ ಅನ್ನುತ್ತದೆ. ಮೊನ್ನೆ ಮೊನ್ನೆವರೆಗೆ ಹಿಂಡಿನ ಹಿಂದೆ ದಿನವಿಡೀ ಓಡಾಡುತ್ತಿದ್ದ ನಾಯಿ ಇದೇನಾ ಅನ್ನಿಸುತ್ತದೆ.

ಇದು ಸುಳ್ಳು ಗಬ್ಬ, ಅಂದರೆ ಹುಸಿ ಗರ್ಭ. ಆಪರೇಷನ್ ಆಗದ ಹೆಣ್ಣು ನಾಯಿಗಳಲ್ಲಿ ಬಹಳ ಸಾಮಾನ್ಯ. ಮುಧೋಳ ತಳಿಯಾಗಲಿ, ಊರ ನಾಯಿಯಾಗಲಿ, ಪೊಲೀಸ್ ದಳದ ಲ್ಯಾಬ್ರಡಾರ್ ಆಗಲಿ, ಯಾವುದಕ್ಕೂ ಬರಬಹುದು. ಹೆಚ್ಚಿನ ಸಲ ಎರಡು ಮೂರು ವಾರದಲ್ಲಿ ತಾನಾಗಿಯೇ ಹೋಗುತ್ತದೆ. ಕೆಡುವುದು ಎರಡು ಕಾರಣಕ್ಕೆ. ಒಂದು, ನಾವೇ ಪದೇ ಪದೇ ಕೈ ಹಾಕಿ ಅದನ್ನು ಎಳೆದುಕೊಂಡು ಹೋಗುತ್ತೇವೆ. ಇನ್ನೊಂದು, ಬೇರೆ ದೊಡ್ಡ ಕಾಯಿಲೆಯನ್ನು ಇದೇ ಅಂದುಕೊಂಡು ಸುಮ್ನೆ ಕೂರುತ್ತೇವೆ. ಈ ಎರಡೂ ಆಗದಂತೆ ಹೇಗೆ ನೋಡಿಕೊಳ್ಳುವುದು ಅನ್ನುವುದೇ ಇಲ್ಲಿರುವ ವಿಷಯ. ಕುರಿ ಹಿಂದೆ ಹೋಗುವ ನಾಯಿ, ತೋಟ ಕಾಯುವ ನಾಯಿ ಇವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಯಾಕೆ ಹೀಗಾಗುತ್ತದೆ

ಹಸು, ಎಮ್ಮೆಗಿಂತ ನಾಯಿಯ ದೇಹ ಈ ವಿಷಯದಲ್ಲಿ ಬೇರೆ. ಹಸು ಗಬ್ಬ ನಿಲ್ಲದಿದ್ದರೆ ಸುಮಾರು 21 ದಿನಕ್ಕೆ ಮತ್ತೆ ಬೆದೆಗೆ ಬರುತ್ತದೆ. ನಾಯಿಗೆ ಹಾಗಿಲ್ಲ. ಗಂಡಿನ ಜೊತೆ ಸೇರಲಿ ಬಿಡಲಿ, ಬೆದೆ ಮುಗಿದ ಮೇಲೆ ಸುಮಾರು ಎರಡು ತಿಂಗಳು ಅದರ ಮೈಯಲ್ಲಿ ಪ್ರೊಜೆಸ್ಟರಾನ್ ಅನ್ನುವ ಗರ್ಭದ ಹಾರ್ಮೋನ್ ಜಾಸ್ತಿಯೇ ಇರುತ್ತದೆ. ಮರಿ ಇರುವ ನಾಯಿಗೂ ಇಲ್ಲದ ನಾಯಿಗೂ ಈ ಲೆಕ್ಕದಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ. ಎರಡು ತಿಂಗಳ ಕೊನೆಗೆ ಅದು ಇಳಿಯುತ್ತದೆ. ಆಗ ಹಾಲು ಇಳಿಸುವ, ತಾಯಿತನ ಹುಟ್ಟಿಸುವ ಪ್ರೊಲ್ಯಾಕ್ಟಿನ್ ಏರುತ್ತದೆ. ಕೆಲವು ನಾಯಿಗಳಲ್ಲಿ ಇದು ಹೊರಗೆ ಕಾಣುವುದೇ ಇಲ್ಲ. ಕೆಲವಕ್ಕೆ ಮರಿ ಹಾಕಿದಷ್ಟೇ ಜೋರಾಗಿ ಬರುತ್ತದೆ.

ತೋಳದ ಗುಂಪಿನಲ್ಲಿ ಸಾಮಾನ್ಯವಾಗಿ ಒಂದೇ ಜೋಡಿ ಮರಿ ಮಾಡುತ್ತದೆ. ಉಳಿದ ಹೆಣ್ಣುಗಳು ಆ ಮರಿಗಳನ್ನು ಸಾಕಲು ನೆರವಾಗುತ್ತವೆ. ನಾಯಿಯ ಈ ಸ್ವಭಾವ ಅಲ್ಲಿಂದಲೇ ಬಂದಿರಬೇಕು ಅನ್ನುವುದು ಬಲ್ಲವರ ಅಂದಾಜು. ಹಾಗಾಗಿ ನಾಯಿಗೆ ತಲೆ ಕೆಟ್ಟಿದೆ, ಗಾಳಿ ಸೋಕಿದೆ, ಯಾರೋ ಏನೋ ಮಾಡಿಸಿದ್ದಾರೆ ಅಂತ ಹೆದರಬೇಡಿ. ಹಾಗೇ ಅದನ್ನು ಬೈದು ಹೊಡೆದು ದಾರಿಗೆ ತರಲೂ ಹೋಗಬೇಡಿ. ಅದರ ಮೈ ಹೇಳಿದ್ದನ್ನು ಅದು ಮಾಡುತ್ತಿದೆ ಅಷ್ಟೇ.

ಹಂತ 1: ತಾರೀಖು ಲೆಕ್ಕ ಹಾಕಿ

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಬೆದೆ ಯಾವಾಗ ಬಂದಿತ್ತು? ಸುಳ್ಳು ಗಬ್ಬದ ಲಕ್ಷಣ ಸಾಮಾನ್ಯವಾಗಿ ಬೆದೆಯಾಗಿ 6ರಿಂದ 8 ವಾರಕ್ಕೆ ಕಾಣಿಸಿಕೊಳ್ಳುತ್ತದೆ. ಕೆಲವಕ್ಕೆ ಸ್ವಲ್ಪ ಮೊದಲೇ, ಕೆಲವಕ್ಕೆ 12 ವಾರದ ಹೊತ್ತಿಗೆ. ಬೆದೆ ಆಗಿ ಆರು ತಿಂಗಳಾದ ಮೇಲೆ ಮೊಲೆ ಊದಿದರೆ ಕಾರಣ ಬೇರೆ ಇರಬಹುದು, ಡಾಕ್ಟರಿಗೆ ತೋರಿಸಿ. ಇತ್ತೀಚೆಗೆ ಗರ್ಭಕೋಶ ತೆಗೆಸಿದ ನಾಯಿಗೂ ಇದು ಬರಬಹುದು. ಅದರ ವಿಷಯ ಕೊನೆಯಲ್ಲಿದೆ.

ತಾರೀಖು ನೆನಪಿಲ್ಲದಿದ್ದರೆ ಮನೆಯವರನ್ನೆಲ್ಲ ಕೇಳಿ. "ಊರ ಗಂಡು ನಾಯಿಗಳೆಲ್ಲ ನಮ್ಮ ಹಟ್ಟಿ ಸುತ್ತ ಸೇರಿದ್ದು ಯಾವಾಗ?" ಅಂತ ಕೇಳಿದರೆ ಯಾರಾದರೂ ಹಬ್ಬವನ್ನೋ ಜಾತ್ರೆಯನ್ನೋ ಹಿಡಿದು ಹೇಳುತ್ತಾರೆ. ಅಷ್ಟು ಸಾಕು.

ಹಂತ 2: ನಿಜವಾದ ಗಬ್ಬ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಿ

ಹೊಲದಲ್ಲಿ, ಹಟ್ಟಿಯಲ್ಲಿ ಇರುವ ನಾಯಿ "ಗಂಡಿನ ಜೊತೆ ಸೇರಿಯೇ ಇಲ್ಲ" ಅಂತ ಎದೆ ತಟ್ಟಿ ಹೇಳುವುದು ಕಷ್ಟ. ಬೇಲಿ ಹಾರಿ ಬರುವ ಗಂಡಿಗೆ ರಾತ್ರಿ ಒಂದು ಗಳಿಗೆ ಸಾಕು. ಹೊಟ್ಟೆ ಮುಟ್ಟಿ ನೋಡಿ ನಾವು ತೀರ್ಮಾನಿಸುವುದಂತೂ ನಂಬಿಕೆಗೆ ಅರ್ಹವಲ್ಲ. ಸುಳ್ಳು ಗಬ್ಬದಲ್ಲೂ ಹೊಟ್ಟೆ ದಪ್ಪ ಕಾಣುತ್ತದೆ.

ಸ್ಕ್ಯಾನಿಂಗ್ ಮಾಡಿಸಿದರೆ ಕೂಡಿದ 25ರಿಂದ 30 ದಿನದ ಹೊತ್ತಿಗೆ ಮರಿ ಇರುವುದು, ಅದರ ಎದೆ ಬಡಿತ ಎರಡೂ ಕಾಣುತ್ತವೆ. ದಿನ ಮುಂದೆ ಹೋಗಿದ್ದರೆ ಎಕ್ಸರೇ ಸಾಕು. ಸುಮಾರು 45 ದಿನದ ನಂತರ ಮರಿಗಳ ಮೂಳೆ ಅದರಲ್ಲಿ ಕಾಣಿಸಲು ಶುರುವಾಗುತ್ತದೆ, 55 ದಿನದ ಹೊತ್ತಿಗೆ ಎಣಿಸಲೂ ಬರುತ್ತದೆ. ನಾಯಿಯ ಗಬ್ಬದ ಅವಧಿ ಸುಮಾರು 63 ದಿನ.

ಈ ಪರೀಕ್ಷೆಗೆ ದುಡ್ಡು ಯಾಕೆ ಅನ್ನಿಸಬಹುದು. ಆದರೆ ಸುಳ್ಳು ಗಬ್ಬಕ್ಕೆ ಕೊಡುವ ಮುಖ್ಯ ಔಷಧಿ ನಿಜವಾದ ಗಬ್ಬವನ್ನು ಕೆಡಿಸುತ್ತದೆ. ಹಾಗಾಗಿ ಔಷಧಿ ಕೊಡುವ ಯೋಚನೆ ಇದ್ದರೆ ಈ ಹಂತವನ್ನು ದಾಟಿ ಹೋಗುವ ಹಾಗೇ ಇಲ್ಲ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಸೌಲಭ್ಯ ಇಲ್ಲದಿದ್ದರೆ ಎಲ್ಲಿ ಇದೆ ಅಂತ ಅಲ್ಲೇ ವಿಚಾರಿಸಿ. ಬೆಂಗಳೂರಿನ ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜುಗಳಿಗೆ ಹತ್ತಿರ ಇರುವವರು ಅಲ್ಲಿಗೇ ಕರೆದುಕೊಂಡು ಹೋಗಬಹುದು.

ಹಂತ 3: ಗರ್ಭಕೋಶದಲ್ಲಿ ಕೀವು ಇದೆಯಾ ನೋಡಿ

ಇಲ್ಲಿ ನಿಧಾನವಾಗಿ ಓದಿ. ನಾಯಿ ಸಾಯುವುದು ಸುಳ್ಳು ಗಬ್ಬದಿಂದಲ್ಲ, ಇದರಿಂದ.

ಪಯೋಮೆಟ್ರಾ ಅಂದರೆ ಗರ್ಭಕೋಶದೊಳಗೆ ಕೀವು ತುಂಬುವ ಕಾಯಿಲೆ. ಅದು ಹೆಚ್ಚಾಗಿ ಬರುವುದೂ ಬೆದೆ ಮುಗಿದ ಒಂದರಿಂದ ಎರಡು ತಿಂಗಳ ಒಳಗೇ. ಅಂದರೆ ಸುಳ್ಳು ಗಬ್ಬ ಕಾಣಿಸಿಕೊಳ್ಳುವ ಅದೇ ದಿನಗಳಲ್ಲಿ. ಎರಡರಲ್ಲೂ ನಾಯಿ ಮಂಕಾಗುತ್ತದೆ, ಊಟ ಬಿಡುತ್ತದೆ, ಹೊಟ್ಟೆ ಉಬ್ಬಿದಂತೆ ಕಾಣುತ್ತದೆ. ಆದ್ದರಿಂದಲೇ ಮನೆಯವರು ಮೋಸ ಹೋಗುತ್ತಾರೆ.

ವ್ಯತ್ಯಾಸ ಹಿಡಿಯಲು ನಾಲ್ಕು ವಿಷಯ ಗಮನಿಸಿ. ನೀರು ಎಷ್ಟು ಕುಡಿಯುತ್ತಿದೆ? ಕೀವಾದ ನಾಯಿ ಬಾನಿ ಬಾನಿ ನೀರು ಕುಡಿದು ಪದೇ ಪದೇ ಉಚ್ಚೆ ಮಾಡುತ್ತದೆ. ಬಾಲದ ಕೆಳಗೆ ಏನಾದರೂ ಸೋರುತ್ತಿದೆಯಾ? ವಾಸನೆ ಬರುವ ಕೀವು, ಕಂದು ಅಥವಾ ರಕ್ತ ಬೆರೆತ ಸೋರಿಕೆ ಕಂಡರೆ ಅದೇ ಸಾಕ್ಷಿ. ಜ್ವರ ಇದೆಯಾ? ನಾಯಿಯ ಮೈ ಬಿಸಿ ಮಾಮೂಲಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಡಿಜಿಟಲ್ ಥರ್ಮಾಮೀಟರಿನ ತುದಿಗೆ ಕೊಬ್ಬರಿ ಎಣ್ಣೆ ಸವರಿ ಗುದದ್ವಾರದಲ್ಲಿ ಇಟ್ಟು ನೋಡಬೇಕು. ಮೂಗು ಮುಟ್ಟಿ ಜ್ವರ ಹೇಳಲು ಬರುವುದಿಲ್ಲ. ಕೊನೆಯದಾಗಿ, ಮತ್ತೆ ಮತ್ತೆ ವಾಂತಿ ಆಗುತ್ತಿದೆಯಾ?

ಸೋರಿಕೆ ಇಲ್ಲ ಅಂತ ನಿಶ್ಚಿಂತೆಯಾಗಿ ಇರಬೇಡಿ. ಗರ್ಭಕೋಶದ ಬಾಯಿ ಮುಚ್ಚಿದ್ದರೆ ಕೀವು ಹೊರಗೆ ಬರುವುದೇ ಇಲ್ಲ, ಆ ರೀತಿಯದು ಇನ್ನೂ ಅಪಾಯ. ಜ್ವರವೂ ಎಲ್ಲ ಸಲ ಇರುವುದಿಲ್ಲ. ಈ ನಾಲ್ಕರಲ್ಲಿ ಒಂದು ಕಂಡರೂ ಅವತ್ತೇ ಡಾಕ್ಟರ ಹತ್ತಿರ ಹೋಗಿ, ನಾಳೆ ನೋಡೋಣ ಅನ್ನಬೇಡಿ. ಊರೂರು ತಿರುಗುವ ಕುರಿಗಾರರಿಗೆ ಆಸ್ಪತ್ರೆ ದೂರವಾದರೆ ಸರ್ಕಾರದ ಪಶು ಆಂಬುಲೆನ್ಸ್ ಸೇವೆ ಪಶು ಸಂಜೀವಿನಿಯ 1962 ನಂಬರಿಗೆ ಫೋನ್ ಮಾಡಿ ಕೇಳಿ.

ಹಂತ 4: ಮೊಲೆ ನೋಡಿ, ಆದರೆ ಹಿಂಡಬೇಡಿ

ನಾಯಿಗೆ ಸಾಮಾನ್ಯವಾಗಿ ಐದು ಜೊತೆ ಮೊಲೆ ಇರುತ್ತವೆ. ಹೆಚ್ಚು ಊದುವುದು ಹಿಂದಿನವು. ತೊಟ್ಟಿನಲ್ಲಿ ತಿಳಿ ನೀರಿನಂಥದ್ದು, ಕಂದು ಬಣ್ಣದ್ದು ಅಥವಾ ಹಾಲಿನಂಥದ್ದೇ ಕಾಣಬಹುದು. ಇದು ಸುಳ್ಳು ಗಬ್ಬದಲ್ಲಿ ಮಾಮೂಲು.

ಹಾಲು ಕಟ್ಟಿಕೊಂಡರೆ ಹಿಂಡಿ ತೆಗೆಯಬೇಕು ಅನ್ನುವುದು ದನ ಸಾಕಿದವರ ಕೈಗೆ ಅಂಟಿದ ಅಭ್ಯಾಸ. ಇಲ್ಲಿ ಅದು ಪೂರ್ತಿ ಉಲ್ಟಾ. ತೊಟ್ಟು ಮುಟ್ಟಿದಷ್ಟೂ, ಹಿಂಡಿದಷ್ಟೂ ಪ್ರೊಲ್ಯಾಕ್ಟಿನ್ ಏರುತ್ತದೆ, ಹಾಲು ಇನ್ನೂ ಇಳಿಯುತ್ತದೆ. ಎರಡು ವಾರದಲ್ಲಿ ಮುಗಿಯಬೇಕಾದ್ದು ತಿಂಗಳುಗಟ್ಟಲೆ ಎಳೆಯುತ್ತದೆ. ಬಿಸಿ ಬಟ್ಟೆ ಶಾಖ, ಎಣ್ಣೆ ಹಚ್ಚಿ ನೀವುವುದು ಯಾವುದೂ ಬೇಡ. ಹಸುವಿನ ಕೆಚ್ಚಲು ಬಾವಿಗೆ ಹಚ್ಚುವ ಲೋಳೆಸರ, ಅರಿಶಿನ, ಸುಣ್ಣದ ಲೇಪವನ್ನು ಇಲ್ಲಿಗೆ ತರಬೇಡಿ. ಹಸು ತನ್ನ ಕೆಚ್ಚಲನ್ನು ಅಷ್ಟು ಸುಲಭವಾಗಿ ನೆಕ್ಕುವುದಿಲ್ಲ. ನಾಯಿ ಎರಡೇ ನಿಮಿಷದಲ್ಲಿ ಎಲ್ಲ ನೆಕ್ಕಿ ಹೊಟ್ಟೆಗೆ ಹಾಕಿಕೊಳ್ಳುತ್ತದೆ, ಸುಣ್ಣ ಬಾಯಿ ಸುಡುತ್ತದೆ. ಕರ್ಪೂರ ಬೆರೆತ ಎಣ್ಣೆಯಂತೂ ನಾಯಿಗೆ ವಿಷ.

ನಾಯಿ ತಾನೇ ತೊಟ್ಟು ನೆಕ್ಕಿಕೊಳ್ಳುವುದನ್ನೂ ತಡೆಯಬೇಕು. ಆಸ್ಪತ್ರೆಯಲ್ಲಿ ಸಿಗುವ ಕೊರಳ ಕೊಳವೆ, ಅಂದರೆ ಕೋನ್ ಕಾಲರ್, ಇದ್ದರೆ ಹಾಕಿ. ಇಲ್ಲದಿದ್ದರೆ ಒಂದು ಹಳೇ ಕಾಟನ್ ಬನಿಯನ್ ಸಾಕು. ನಾಯಿಯ ತಲೆಯನ್ನು ಕುತ್ತಿಗೆಯ ಜಾಗದಲ್ಲಿ, ಮುಂಗಾಲುಗಳನ್ನು ತೋಳಿನ ಜಾಗದಲ್ಲಿ ತೂರಿಸಿ. ಉಳಿದ ಬಟ್ಟೆಯನ್ನು ಸೊಂಟದ ಮೇಲೆ ಬೆನ್ನಿನ ಕಡೆ ಗಂಟು ಹಾಕಿ. ಉಚ್ಚೆ ಮಾಡುವ ಜಾಗ ಮುಚ್ಚದಂತೆ ನೋಡಿಕೊಳ್ಳಿ. ಬಿಸಿಲಿನ ಹೊತ್ತು ನೆರಳಿನಲ್ಲಿದ್ದಾಗ ಮಾತ್ರ ಹಾಕಿ. ದಿನಾ ಒಗೆದದ್ದು ಬದಲಿಸಿ, ಒದ್ದೆ ಬಟ್ಟೆ ಮೈಗೆ ಅಂಟಿದ್ದರೆ ಚರ್ಮ ಕೆಡುತ್ತದೆ.

ದಿನಕ್ಕೆ ಒಂದು ಸಲ ಬರೀ ಕಣ್ಣಲ್ಲಿ ನೋಡಿ. ಒಂದೇ ಮೊಲೆ ಉಳಿದವಕ್ಕಿಂತ ಬೇರೆ ಆಗಿ ಕೆಂಪೋ ನೇರಳೆಯೋ ಆಗಿದ್ದರೆ, ಅಂಗೈ ಹತ್ತಿರ ತಂದರೇ ಬಿಸಿ ತಾಗಿದರೆ, ಕಲ್ಲಿನ ಹಾಗೆ ಗಟ್ಟಿಯಾಗಿದ್ದರೆ, ಮುಟ್ಟಿದರೆ ನಾಯಿ ಚೀರಿದರೆ ಅದು ಬಾವು. ಅದಕ್ಕೆ ಡಾಕ್ಟರೇ ಔಷಧಿ ಕೊಡಬೇಕು. ಮನೆಯಲ್ಲಿರುವ ಜ್ವರದ ಮಾತ್ರೆ, ನೋವಿನ ಮಾತ್ರೆ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯನ್ನೂ ಕಿಡ್ನಿಯನ್ನೂ ಹಾಳು ಮಾಡುತ್ತವೆ.

ಹಂತ 5: "ಮರಿ" ತೆಗೆಯಿರಿ, ಗೂಡು ಬಿಡಿಸಿ

ಚಪ್ಪಲಿ, ಚೆಂಡು, ಬಟ್ಟೆ ಉಂಡೆ, ತೆಂಗಿನ ಚಿಪ್ಪು, ಏನನ್ನಾದರೂ ಅದು ಮರಿ ಅಂದುಕೊಂಡಿರಬಹುದು. ಅದು ಎದುರಿಗೆ ಇರುವಷ್ಟು ದಿನ ತಾಯಿತನ ಇಳಿಯುವುದಿಲ್ಲ. ಆದರೆ ನಾಯಿಯ ಬಾಯಿಂದ ಕಿತ್ತುಕೊಳ್ಳಲು ಹೋಗಬೇಡಿ, ಕಚ್ಚುತ್ತದೆ. ಯಾರಾದರೂ ಹಗ್ಗ ಹಾಕಿ ಅದನ್ನು ದೂರ ಸುತ್ತಾಡಿಸಲಿ. ಆ ಹೊತ್ತಿನಲ್ಲಿ ಇನ್ನೊಬ್ಬರು ಸಾಮಾನು ತೆಗೆದು, ಗುಂಡಿ ಮುಚ್ಚಿ, ಮಲಗುವ ಜಾಗ ಬದಲಿಸಲಿ. ನಾಯಿ ವಾಪಸ್ ಬಂದು ಒಂದೆರಡು ದಿನ ಹುಡುಕಾಡುತ್ತದೆ, ಕುಂಯ್ ಕುಂಯ್ ಅನ್ನುತ್ತದೆ. ಕರುಳು ಚುರ್ ಅನ್ನುವುದು ನಿಜ. ಆದರೂ ವಾಪಸ್ ಕೊಡಬೇಡಿ.

ಪಾಪ ಅಂತ ಬೇರೆ ನಾಯಿಯ ಮರಿಗಳನ್ನು ತಂದು ಹಾಲು ಕುಡಿಸುವವರು ಇದ್ದಾರೆ. ತಾಯಿ ಸತ್ತ ಮರಿಗಳಿದ್ದು, ಬೇರೆ ದಾರಿಯೇ ಇಲ್ಲದಿದ್ದರೆ ಅದು ಬೇರೆ ಮಾತು. ನಾಯಿಗೆ ಸಮಾಧಾನ ಆಗಲಿ ಅಂತ ಮಾಡಿದರೆ ಹಾಲು ನಿಲ್ಲುವುದು ಅಷ್ಟೇ ತಡವಾಗುತ್ತದೆ.

ಕುರಿ ಹಟ್ಟಿಯಲ್ಲಿ ಇನ್ನೊಂದು ತೊಂದರೆ ಇದೆ. ಈ ಸಮಯದಲ್ಲಿ ನಾಯಿ ಎಳೇ ಕುರಿಮರಿಯನ್ನೇ ತನ್ನದು ಮಾಡಿಕೊಳ್ಳಬಹುದು. ನೋಡಲು ಚಂದ: ಮರಿಯ ಪಕ್ಕ ಮಲಗಿ ಅದರ ಬೆನ್ನು ನೆಕ್ಕುತ್ತಾ ಇರುತ್ತದೆ. ಆದರೆ ತಾಯಿ ಕುರಿ ಹಾಲು ಕುಡಿಸಲು ಹತ್ತಿರ ಬಂದರೆ ಹಲ್ಲು ತೋರಿಸುತ್ತದೆ, ಮರಿ ಹಸಿದುಕೊಂಡೇ ಉಳಿಯುತ್ತದೆ. ಹುಟ್ಟಿ ಕೆಲವೇ ದಿನ ಆದ ಮರಿಗಳಿರುವ ಬುಟ್ಟಿ, ದೊಡ್ಡಿ ಇವುಗಳಿಂದ ನಾಯಿಯನ್ನು ಈ ವಾರಗಳಲ್ಲಿ ದೂರ ಕಟ್ಟಿ.

ಹಂತ 6: ಊಟ, ನೀರು

ಬಸುರಿ ಅಂತ ಹಾಲು, ಮೊಟ್ಟೆ, ಮಾಂಸ ಜಾಸ್ತಿ ಹಾಕಿದರೆ ಅದೂ ಹಾಲಾಗಿಯೇ ಇಳಿಯುತ್ತದೆ. ಆ ಹೆಚ್ಚುವರಿ ನಿಲ್ಲಿಸಿ, ಮೈ ತುಂಬಿದ ನಾಯಿಯಾದರೆ ದಿನದ ಊಟವನ್ನೂ ಕೆಲವು ದಿನ ಸ್ವಲ್ಪ ಕಡಿಮೆ ಮಾಡಿ. ಮುಧೋಳದಂಥ ಬಡಕಲು ಮೈಯ ನಾಯಿಗೆ ಮಾಮೂಲಿ ಊಟ ಇರಲಿ. ಉಪವಾಸ ಕೆಡವುವ ಹಳೇ ಪದ್ಧತಿ ನನಗೆ ಒಪ್ಪಿಗೆಯಿಲ್ಲ.

ನೀರು ಮಾತ್ರ ಯಾವ ಕಾರಣಕ್ಕೂ ಕಡಿಮೆ ಮಾಡಬೇಡಿ. ನೀರು ಕೊಡದಿದ್ದರೆ ಹಾಲು ಬತ್ತುತ್ತದೆ ಅನ್ನುವ ಮಾತು ಕೇಳಿ ಬರುತ್ತದೆ. ರಾಯಚೂರು, ಕಲಬುರಗಿಯ ಬಿಸಿಲಿನಲ್ಲಿ ಹಾಗೆ ಮಾಡಿದರೆ ಹಾಲಿಗಿಂತ ಮೊದಲು ನಾಯಿಯೇ ಹೋಗುತ್ತದೆ.

ಹಂತ 7: ಕೆಲಸ ಎಷ್ಟು, ಹೇಗೆ

ದುಡಿಯುವ ನಾಯಿಯನ್ನು ದಿನವಿಡೀ ಕಟ್ಟಿ ಹಾಕಿದರೆ ಅದಕ್ಕೆ ಗೂಡಿನ ಯೋಚನೆ ಬಿಟ್ಟು ಬೇರೇನೂ ಇರುವುದಿಲ್ಲ. ಓಡಾಟ ಒಳ್ಳೆಯದು. ಬೆಳಿಗ್ಗೆ ಸಂಜೆ ತಂಪಿನಲ್ಲಿ ಹಗ್ಗ ಹಿಡಿದು ದೂರ ನಡೆಸಿ. ಗೊತ್ತಿರುವ ಸಣ್ಣ ಕೆಲಸ ಕೊಡಿ: ಕರೆದರೆ ಬರುವುದು, ಕೂರುವುದು, ಹಿಂಡಿನ ಪಕ್ಕ ನಿಧಾನಕ್ಕೆ ನಡೆಯುವುದು.

ಮೊಲದ ಹಿಂದೆ ಓಡಿಸುವುದು, ಜಾಲಿ ಮುಳ್ಳಿನ ಪೊದೆ, ತಂತಿ ಬೇಲಿ ಇರುವ ಕಡೆ ಬಿಡುವುದು ಬೇಡ. ಜೋತುಬಿದ್ದ ಮೊಲೆಗೆ ಒಂದು ಮುಳ್ಳು ತಾಗಿದರೂ ಕೀವಾಗುತ್ತದೆ. ಕೊಪ್ಪಳ, ಬಳ್ಳಾರಿ ಕಡೆ ತೋಳದ ಕಾಟ ಇರುವ ಜಾಗದಲ್ಲಿ ರಾತ್ರಿ ಕಾವಲಿಗೆ ಈ ನಾಯಿಯೊಂದನ್ನೇ ನಂಬಬೇಡಿ. ಅದರ ಗಮನ ಹಿಂಡಿನ ಮೇಲೆ ಇರುವುದಿಲ್ಲ, ಗೂಡಿನ ಮೇಲೆ ಇರುತ್ತದೆ. ಇನ್ನೊಂದು ನಾಯಿ ಅಥವಾ ಇನ್ನೊಬ್ಬ ಆಳಿನ ವ್ಯವಸ್ಥೆ ಮಾಡಿಕೊಳ್ಳಿ. ಪೊಲೀಸ್, ಸೇನೆಯ ವಾಸನೆ ಹಿಡಿಯುವ ನಾಯಿಗೂ ಇದೇ ಮಾತು. ಗಮನ ಚದುರಿದ ನಾಯಿ ಏನೂ ಇಲ್ಲ ಅಂತ ತೋರಿಸಿದರೆ ಆ ಮಾತನ್ನು ನಂಬಲಾಗುವುದಿಲ್ಲ. ಲಕ್ಷಣ ಹೋಗುವವರೆಗೆ ಅದನ್ನು ಡ್ಯೂಟಿಯಿಂದ ಇಳಿಸಿ, ಬರೀ ಅಭ್ಯಾಸ ಮಾಡಿಸುವುದು ಒಳ್ಳೆಯದು.

ಮಕ್ಕಳನ್ನು ಗೂಡಿನ ಹತ್ತಿರ ಬಿಡಬೇಡಿ. ದಿನಾ ಜೊತೆಯಲ್ಲಿ ಆಡುವ ನಾಯಿಯೇ ಈಗ ಕಚ್ಚಬಹುದು. ರೇಬೀಸ್ ಲಸಿಕೆ ಬಾಕಿ ಇದ್ದರೆ ಡಾಕ್ಟರನ್ನು ಕೇಳಿ ಹಾಕಿಸಿ. ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ನಮ್ಮದೇ ನಾಯಿ ಅಂತ ಬಿಡಬೇಡಿ.

ಹಂತ 8: ಔಷಧಿ ಯಾವಾಗ

ಮೂರು ವಾರ ದಾಟಿದರೂ ಇಳಿಯದಿದ್ದರೆ, ಊಟ ಪೂರ್ತಿ ಬಿಟ್ಟಿದ್ದರೆ, ಕಚ್ಚಲು ಬರುತ್ತಿದ್ದರೆ, ಹಾಲು ಬಹಳ ಕಟ್ಟಿಕೊಂಡಿದ್ದರೆ ಔಷಧಿ ಬೇಕಾಗುತ್ತದೆ. ಹೆಚ್ಚಾಗಿ ಬರೆದುಕೊಡುವುದು ಕ್ಯಾಬರ್ಗೋಲಿನ್. ಅದು ಪ್ರೊಲ್ಯಾಕ್ಟಿನ್ನನ್ನೇ ಇಳಿಸುತ್ತದೆ. ಸಾಮಾನ್ಯವಾಗಿ ಒಂದು ಕಿಲೋ ತೂಕಕ್ಕೆ 5 ಮೈಕ್ರೋಗ್ರಾಂ ಲೆಕ್ಕದಲ್ಲಿ ದಿನಕ್ಕೆ ಒಂದು ಸಲ, ಒಂದು ವಾರದ ಆಸುಪಾಸು ಕೊಡುತ್ತಾರೆ. 20 ಕಿಲೋ ನಾಯಿಗೆ ಇದು 0.1 ಮಿಲಿಗ್ರಾಂ. ಮೆಡಿಕಲ್ ಶಾಪಿನಲ್ಲಿ ಮನುಷ್ಯರಿಗೆ ಸಿಗುವ ಮಾತ್ರೆ 0.25 ಅಥವಾ 0.5 ಮಿಲಿಗ್ರಾಂ. ಅಂದಾಜಿನ ಮೇಲೆ ಮುರಿದು ಕೊಡುವಂಥದ್ದಲ್ಲ ಅಂತ ಇಷ್ಟರಲ್ಲೇ ಗೊತ್ತಾಗುತ್ತದೆ. ತೂಕ ನೋಡಿ ಡಾಕ್ಟರೇ ಪ್ರಮಾಣ ಹೇಳಲಿ. ಊಟದ ಜೊತೆ ಕೊಟ್ಟರೆ ವಾಂತಿ ಕಡಿಮೆ. ಬ್ರೋಮೋಕ್ರಿಪ್ಟಿನ್ ಅನ್ನುವ ಇನ್ನೊಂದು ಔಷಧಿಯೂ ಇದೆ, ಅದಕ್ಕೆ ವಾಂತಿ ಇನ್ನೂ ಜಾಸ್ತಿ.

ವಾಂತಿ ಆಗುತ್ತಿದೆ ಅಂತ ಯಾರಾದರೂ ಮೆಟೊಕ್ಲೋಪ್ರಮೈಡ್ ಕೊಡಲು ಬಂದರೆ ಸುಳ್ಳು ಗಬ್ಬದ ವಿಷಯ ಅವರಿಗೆ ಹೇಳಿ. ಅದು ಪ್ರೊಲ್ಯಾಕ್ಟಿನ್ನನ್ನು ಏರಿಸುವ ಔಷಧಿ, ಕ್ಯಾಬರ್ಗೋಲಿನ್‌ಗೆ ನೇರ ವಿರುದ್ಧ. ನಾಯಿ ಶಾಂತವಾಗಲಿ ಅಂತ ಕೊಡುವ ಎಸಿಪ್ರೊಮಜಿನ್ ಕೂಡ ಹಾಗೇ.

"ಬೆದೆ ನಿಲ್ಲಿಸುವ ಇಂಜೆಕ್ಷನ್" ಹಾಕಿಸಿಬಿಡಿ ಅನ್ನುವ ಸಲಹೆಗೆ ಕಿವಿ ಕೊಡಬೇಡಿ. ಪ್ರೊಜೆಸ್ಟರಾನ್ ಜಾತಿಯ ಆ ಔಷಧಿಯಿಂದ ಈಗ ಹಾಲು ಇಳಿದಂತೆ ಕಾಣಬಹುದು. ಅದರ ಪ್ರಭಾವ ಮುಗಿದಾಗ ಮತ್ತೆ ಬರುತ್ತದೆ. ಜೊತೆಗೆ ಗರ್ಭಕೋಶದ ಕೀವು, ಮೊಲೆ ಗೆಡ್ಡೆ, ಸಕ್ಕರೆ ಕಾಯಿಲೆಯ ಅಪಾಯವನ್ನೂ ತರುತ್ತದೆ.

ಹಂತ 9: ಮುಂದಿನ ಸಲಕ್ಕೆ ತಯಾರಿ

ಒಮ್ಮೆ ಜೋರಾಗಿ ಬಂದ ನಾಯಿಗೆ ಮುಂದಿನ ಬೆದೆಯ ನಂತರವೂ ಬರುವ ಸಾಧ್ಯತೆ ಹೆಚ್ಚು. ಒಂದು ಸಲ ಮರಿ ಹಾಕಿಸಿದರೆ ಸರಿಹೋಗುತ್ತದೆ ಅನ್ನುವುದು ಸುಳ್ಳು. ಮರಿ ಹಾಕಿದ ನಾಯಿಗೂ ಮುಂದೆ ಬರುತ್ತದೆ. ತಳಿಗಾಗಿ ಇಟ್ಟುಕೊಂಡ ಒಳ್ಳೇ ಮುಧೋಳ ಹೆಣ್ಣಾದರೆ ಮರಿ ಮಾಡಿಸುವ ತೀರ್ಮಾನ ಬೇರೆಯೇ, ಅದನ್ನು ಈ ಕಾಯಿಲೆಗೆ ಔಷಧಿ ಅಂತ ಮಾಡಬೇಡಿ.

ತಳಿಗೆ ಬೇಡದ ನಾಯಿಯಾದರೆ ಗರ್ಭಕೋಶ, ಅಂಡಾಶಯ ತೆಗೆಸುವುದೇ ಕಾಯಂ ಪರಿಹಾರ. ಕೀವಿನ ಭಯವೂ ಹೋಗುತ್ತದೆ. ಆದರೆ ಹೊತ್ತು ನೋಡಿ ಮಾಡಿಸಬೇಕು. ಹಾಲು ಇರುವಾಗ ಆಪರೇಷನ್ ಮಾಡಿದರೆ ಉಳಿದ ಪ್ರೊಜೆಸ್ಟರಾನ್ ಕೂಡ ಒಮ್ಮೆಲೇ ಬಿದ್ದು ಪ್ರೊಲ್ಯಾಕ್ಟಿನ್ ಏರುತ್ತದೆ. ಆಗ ಸುಳ್ಳು ಗಬ್ಬ ತಿಂಗಳುಗಟ್ಟಲೆ ಉಳಿದುಬಿಡಬಹುದು. ಮೊದಲೇ ಹೇಳಿದ, ಆಪರೇಷನ್ ಆದ ಮೇಲೂ ಹಾಲು ಬರುವ ನಾಯಿಯ ಕಥೆ ಇದೇ. ಅದಕ್ಕೂ ಕ್ಯಾಬರ್ಗೋಲಿನ್ ಕೊಡುತ್ತಾರೆ. ಆದ್ದರಿಂದ ಲಕ್ಷಣ ಪೂರ್ತಿ ಹೋಗಲಿ, ಬೆದೆಯಾಗಿ ಮೂರು ನಾಲ್ಕು ತಿಂಗಳು ಕಳೆಯಲಿ. ಕೀವು ಆಗಿದ್ದರೆ ಮಾತ್ರ ಈ ಲೆಕ್ಕ ಇಲ್ಲ, ಆಗ ತಡ ಮಾಡುವ ಹಾಗಿಲ್ಲ.

ಮನೆಯ ಗೋಡೆ ಕ್ಯಾಲೆಂಡರಿನಲ್ಲಿ ಮುಂದಿನ ಬೆದೆಯಲ್ಲಿ ಮೊದಲ ರಕ್ತ ಕಂಡ ದಿನವನ್ನು ಗುರುತು ಮಾಡಿ. ಅಲ್ಲಿಂದ ಆರನೇ ವಾರಕ್ಕೆ ಇನ್ನೊಂದು ಗುರುತು, ಹನ್ನೆರಡನೇ ವಾರಕ್ಕೆ ಮತ್ತೊಂದು. ಆ ಎರಡು ಗುರುತಿನ ನಡುವಿನ ದಿನಗಳಲ್ಲಿ ದೂರದ ವಲಸೆ, ರಾತ್ರಿ ಕಾವಲು, ಹೊಸ ತರಬೇತಿ ಯಾವುದನ್ನೂ ಈ ನಾಯಿಯ ಮೇಲೆ ಹಾಕಬೇಡಿ. ಬೆದೆ ಶುರುವಾದ ನಾಲ್ಕನೇ ವಾರದಿಂದಲೇ ಅದು ಎಷ್ಟು ನೀರು ಕುಡಿಯುತ್ತದೆ ಅಂತ ದಿನಾ ಒಂದು ಕಣ್ಣು ಇಟ್ಟಿರಿ. ಆಪರೇಷನ್ ಮಾಡಿಸುವ ಮನಸ್ಸಿದ್ದರೆ ಹನ್ನೆರಡನೇ ವಾರದ ಗುರುತು ದಾಟಿ, ಬೆದೆಯಾಗಿ ಮೂರು ನಾಲ್ಕು ತಿಂಗಳು ಕಳೆದ ಮೇಲಿನ ಒಂದು ದಿನಕ್ಕೆ ಡಾಕ್ಟರ ಹತ್ತಿರ ಈಗಲೇ ಮಾತಾಡಿಟ್ಟುಕೊಳ್ಳಿ. ಹೊಲಿಗೆ ಒಣಗಲು ಸುಮಾರು ಎರಡು ವಾರ ಬೇಕು, ಅಷ್ಟು ದಿನ ಹಿಂಡಿನ ಹಿಂದೆ ಯಾರು ಹೋಗುತ್ತಾರೆ ಅನ್ನುವುದನ್ನೂ ಅವತ್ತೇ ಮನೆಯಲ್ಲಿ ಮಾತಾಡಿ ಮುಗಿಸಿ.